ಪೋರ್ಚುಗಲ್‌ಗೆ ಹೋಗಿ ಭತ್ತದ ಗದ್ದೆ ನೋಡಿ ಬಂದಿರಾ?

ಕಳೆದ ಸಂಚಿಕೆಯಲ್ಲಿ ನಮ್ಮ ಪೋರ್ಚುಗಲ್ ಪ್ರವಾಸದ ಬಗ್ಗೆ ಎರಡು ಪುಟ ಬರೆದಿದ್ದೆ. ನಾನು ಕೃಷಿ ಇಲಾಖೆಯಲ್ಲಿದ್ದು, ಮಂಡ್ಯ ಸೀಮೆಯ ಗದ್ದೆ ಬದುಗಳ ಮೇಲೆ ಓಡಾಡಿಕೊಂಡೇ ನಿವೃತ್ತನಾದವನು. ಮಗಳು, ಅಳಿಯ ಲಿಸ್ಬನ್‌ನಲ್ಲಿದ್ದಾರೆ. ಅವರನ್ನು ನೋಡುವ ನೆಪದಲ್ಲಿ ನಾನೂ ನಮ್ಮ ಮನೆಯವರೂ ಮೇ, ಜೂನ್‌ನಲ್ಲಿ ಆ ದೇಶ ಸುತ್ತಿದೆವು. ಬರಹ ಓದಿದವರಿಂದ ಕಾಗದ, ವಾಟ್ಸಾಪ್ ಸಂದೇಶ ಜಾಸ್ತಿಯೇ ಬಂದವು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ. ಬೈದವರಿಗೂ ಉತ್ತರ ಇದೆ.

ಎರಡು ಕಡೆ ಸಮುದ್ರ ಇರುವ ದೇಶಕ್ಕೆ ಹೋಗಿ ಬರೀ ಗದ್ದೆ, ಉಪ್ಪು, ಮರದ ತೊಗಟೆ ಅಂತ ಬರೆದಿದ್ದೀರಿ. ಬೀಚಿಗೆ ಹೋಗಲೇ ಇಲ್ವಾ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಸರಸ್ವತಿಪುರಂ, ಮೈಸೂರು

ಹೋದೆವು ಸ್ವಾಮಿ. ಪಂಚೆ ಎತ್ತಿ ಕಟ್ಟಿ ನೀರಿಗೆ ಕಾಲಿಟ್ಟೆ, ಹಾಗೇ ವಾಪಸ್ ತೆಗೆದೆ. ಅಷ್ಟು ತಣ್ಣಗಿತ್ತು. ಲಿಸ್ಬನ್ ಹತ್ತಿರದ ಕಡಲು ನಡುಬೇಸಿಗೆಯಲ್ಲೂ 18, 19 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿನವರು ಮರಳಿನ ಮೇಲೆ ಬಿಸಿಲು ಕಾಯಿಸುತ್ತಾರೆ, ನೀರಿಗಿಳಿಯುವವರು ಕಮ್ಮಿ.

ಇದಕ್ಕೆ ಕಾರಣ ಇದೆ. ಬೇಸಿಗೆಯಲ್ಲಿ ಅಲ್ಲಿ ಬಡಗಣ ಗಾಳಿ ಕರಾವಳಿಯ ಉದ್ದಕ್ಕೂ ಬೀಸುತ್ತದೆ. ಆ ಗಾಳಿ, ಭೂಮಿ ತಿರುಗುವುದರ ಜೊತೆ ಸೇರಿ, ಮೇಲಿನ ಬೆಚ್ಚಗಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೇರುತ್ತದೆ. ಆಳದ ನೀರಿನಲ್ಲಿ ಪೋಷಕಾಂಶ ಜಾಸ್ತಿ. ಅದನ್ನು ತಿಂದು ಕಣ್ಣಿಗೆ ಕಾಣದ ಸಸ್ಯಗಳು ಬೆಳೆಯುತ್ತವೆ, ಅದರ ಹಿಂದೆ ಸಾರ್ಡೀನ್ ಮೀನು ಬರುತ್ತದೆ. ಮಳೆಗಾಲದಲ್ಲಿ ನಮ್ಮ ಮಂಗಳೂರು ಕಡೆಯ ಕಡಲಲ್ಲೂ ಇಂಥದ್ದೇ ನಡೆಯುತ್ತದೆ, ಬೂತಾಯಿ ಮೀನಿಗೆ ಅದೇ ಆಧಾರ. ಅಂದರೆ ಪ್ರವಾಸಿಗೆ ಬೇಡವಾದ ಚಳಿ ನೀರೇ ಬೆಸ್ತರ ಅನ್ನ. ಜೂನ್ 12ರ ರಾತ್ರಿ ಸಂತ ಆಂಟನಿ ಹಬ್ಬಕ್ಕೆ ಲಿಸ್ಬನ್‌ನ ಹಳೇ ಕೇರಿಗಳಲ್ಲಿ ಮನೆ ಮುಂದೆಯೇ ಇದ್ದಿಲಿನ ಮೇಲೆ ಸಾರ್ಡೀನ್ ಸುಡುತ್ತಾರೆ. ಆ ಹೊಗೆ ನಮ್ಮ ಮನೆಯವರ ರೇಷ್ಮೆ ಸೀರೆಗೆ ಹಿಡಿದಿದ್ದು ಇನ್ನೂ ಹೋಗಿಲ್ಲ ಅಂತ ಅವರ ದೂರು.

ನಜರೆ ಊರಿನ ದೊಡ್ಡ ಅಲೆಗಳ ವಿಡಿಯೊ ನೋಡಿರಬಹುದು. 2020ರ ಅಕ್ಟೋಬರ್‌ನಲ್ಲಿ ಜರ್ಮನಿಯ ಸರ್ಫರ್ ಒಬ್ಬರು 26 ಮೀಟರ್ ದಾಟಿದ ಅಲೆ ಏರಿ ದಾಖಲೆ ಮಾಡಿದ್ದು ಅಲ್ಲೇ. ಊರಿನ ಮುಂದೆಯೇ ಕಡಲ ತಳದಲ್ಲಿ ಒಂದು ಆಳವಾದ ಕಂದರ ಇದೆ, ಚಳಿಗಾಲದ ಅಲೆ ಅದರಲ್ಲಿ ಬಂದು ದಡದ ಹತ್ತಿರ ಎದ್ದು ನಿಲ್ಲುತ್ತದೆ. ನಾವು ಹೋದಾಗ ಸಮುದ್ರ ಸುಮ್ನೆ ಮಲಗಿತ್ತು. ಅದೇ ಮರಳಿನ ಮೇಲೆ ವಯಸ್ಸಾದ ಹೆಂಗಸರು ಬಲೆ ಹೊದಿಸಿದ ಚೌಕಟ್ಟುಗಳಲ್ಲಿ ಮೀನು ಸೀಳಿ ಒಣಗಿಸುತ್ತಿದ್ದರು. ನಾನು ನಿಂತು ನೋಡಿದ್ದು ಅದನ್ನೇ.

ಅಲ್ಲಿ ನಿಜವಾಗ್ಲೂ ಭತ್ತ ಬೆಳೀತಾರಾ? ತಳಿ ಯಾವುದು, ನಾಟಿ ಹೇಗೆ, ಎಕರೆಗೆ ಎಷ್ಟು ಬರುತ್ತೆ, ನೀರು ಎಲ್ಲಿಂದ? ಪೂರ್ತಿ ಬರೆಯಿರಿ.
– ರೈತರು, ಪಾಂಡವಪುರ ತಾಲ್ಲೂಕು

ಈ ಪ್ರಶ್ನೆಗೇ ಕಾಯುತ್ತಿದ್ದೆ.

ಬೆಳೆಯುತ್ತಾರೆ. ಸಾದೊ, ತೇಜೊ, ಮೊಂಡೆಗೊ ಎಂಬ ಮೂರು ನದಿಗಳ ಕೆಳಬಯಲಿನಲ್ಲಿ. ಇಡೀ ದೇಶದಲ್ಲಿ ಭತ್ತದ ಜಮೀನು 30 ಸಾವಿರ ಹೆಕ್ಟೇರ್ ಆಸುಪಾಸು. ಯೂರೋಪಿನಲ್ಲಿ ತಲೆಗೆ ಅತಿ ಹೆಚ್ಚು ಅಕ್ಕಿ ಉಣ್ಣುವವರು ಪೋರ್ಚುಗೀಸರೇ, ವರ್ಷಕ್ಕೆ 15 ಕೆಜಿ ಮೇಲೆ. ನಮ್ಮ ಕಡೆ ಅದು ಒಬ್ಬರಿಗೆ ಎರಡು ಮೂರು ತಿಂಗಳ ಅಕ್ಕಿ, ಅಷ್ಟೆ. ಆದರೂ ಬ್ರೆಡ್ ತಿನ್ನುವ ಖಂಡದಲ್ಲಿ ಅದು ದೊಡ್ಡ ಲೆಕ್ಕ.

ನಾನು ಹೆಚ್ಚು ನೋಡಿದ್ದು ಸಾದೊ ಬಯಲು. ಲಿಸ್ಬನ್‌ನಿಂದ ತೆಂಕಣಕ್ಕೆ ಹೋದರೆ ಅಲ್ಕಾಸರ್ ದೊ ಸಾಲ್ ಎಂಬ ಊರು ಸಿಗುತ್ತದೆ. ಅಲ್ಲಿಂದ ನದಿ ಅಳಿವೆಯವರೆಗೂ ಗದ್ದೆಯೇ. ಬೆಟ್ಟದ ಕಡೆ ಎರಡು ಅಣೆಕಟ್ಟು ಕಟ್ಟಿ, ನಾಲೆ ತಂದು ನೀರು ಬಿಟ್ಟಿದ್ದಾರೆ. 1940ರ ದಶಕದ ಕೆಲಸ ಅದು, ನಮ್ಮ ಕನ್ನಂಬಾಡಿ ಕಟ್ಟೆ ಮುಗಿದ ಮೇಲಿನದು. ನಾಲೆ, ತೂಬು, ಉಪನಾಲೆ ನೋಡಿದರೆ ನಿಮಗೆ ಹೊಸದೇನೂ ಅನ್ನಿಸುವುದಿಲ್ಲ. ತೂಬಿನ ಹತ್ತಿರ ಇಬ್ಬರು ನಿಂತು ಜೋರು ದನಿಯಲ್ಲಿ ಮಾತಾಡುತ್ತಿದ್ದರು. ಭಾಷೆ ಬರದಿದ್ದರೂ ಜಗಳ ಯಾವುದರ ಬಗ್ಗೆ ಅಂತ ನನಗೆ ಗೊತ್ತಾಯಿತು.

ವ್ಯತ್ಯಾಸ ಇರುವುದು ಕೆಲಸದಲ್ಲಿ. ಸಸಿ ಮಡಿ ಇಲ್ಲ, ನಾಟಿ ಇಲ್ಲ. ಮೊದಲು ಲೇಸರ್ ಯಂತ್ರದಿಂದ ಗದ್ದೆ ಮಟ್ಟ ಮಾಡುತ್ತಾರೆ. ಆಮೇಲೆ ತೆಳ್ಳಗೆ ನೀರು ನಿಲ್ಲಿಸುತ್ತಾರೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ ನೆನೆಸಿದ ಬೀಜವನ್ನು ನೇರ ಚೆಲ್ಲುತ್ತಾರೆ. ಕೆಲವು ಕಡೆ ಟ್ರ್ಯಾಕ್ಟರ್, ದೊಡ್ಡ ಹಿಡುವಳಿಗಳಲ್ಲಿ ಸಣ್ಣ ವಿಮಾನ. ವಿಮಾನ ಗದ್ದೆ ಮೇಲೆ ತಗ್ಗಿ ಹಾರಿ ಬೀಜ ಸುರಿದು ಹೋಗುವುದನ್ನು ನೋಡಲು ರಸ್ತೆ ಬದಿ ನಿಂತೆವು. ಅಳಿಯನಿಗೆ ಊಟಕ್ಕೆ ಹೊತ್ತಾಯಿತು ಅಂತ ಅವಸರ. ಕಟಾವು ಸೆಪ್ಟೆಂಬರ್, ಅಕ್ಟೋಬರ್. ವರ್ಷಕ್ಕೆ ಒಂದೇ ಬೆಳೆ, ಚಳಿಯಲ್ಲಿ ಎರಡನೆಯದು ಆಗುವುದಿಲ್ಲ.

ಹೆಸರುವಾಸಿಯಾದದ್ದು 'ಕರೊಲೀನೊ' ಅಕ್ಕಿ. ದಪ್ಪ ಕಾಳು, ಜಪಾನಿ ಜಾತಿಗೆ ಸೇರಿದ್ದು. ಬೇಯಿಸಿದರೆ ಉದುರುದುರಾಗುವುದಿಲ್ಲ. ಸಾರಿನ ರುಚಿ ಪೂರ್ತಿ ಎಳೆದುಕೊಂಡು ಮೆತ್ತಗಾಗುತ್ತದೆ. ಇಳುವರಿ ಹೆಕ್ಟೇರಿಗೆ ಸುಮಾರು 6 ಟನ್ ಭತ್ತ, ಅಂದರೆ ಎಕರೆಗೆ 24 ಕ್ವಿಂಟಲ್ ಹತ್ತಿರ. ವಿಮಾನ, ಲೇಸರ್ ಎಲ್ಲ ಇದ್ದೂ ನಮ್ಮ ನಾಲೆ ಬಯಲಿಗಿಂತ ಭಾರಿ ಜಾಸ್ತಿ ಏನಿಲ್ಲ. ಅವರ ಅನುಕೂಲ ಇರುವುದು ಕೂಲಿಯ ಉಳಿತಾಯದಲ್ಲಿ. ಮೊದಲು ಕಳೆ ಕೀಳಲು ದೂರದ ಊರುಗಳಿಂದ ಹೆಂಗಸರ ಗುಂಪು ಬರುತ್ತಿತ್ತಂತೆ. ಈಗ ಗದ್ದೆಯಲ್ಲಿ ಜನವೇ ಕಾಣುವುದಿಲ್ಲ.

ಇನ್ನೊಂದು ವಿಷಯ. ಈ ಸಾದೊ ಬಯಲು ಒಂದು ಕಾಲದಲ್ಲಿ ಮಲೇರಿಯಾದ ತವರು. ನಿಂತ ನೀರು, ಸೊಳ್ಳೆ, ಜ್ವರ. ಆ ದೇಶ ಮಲೇರಿಯಾ ಮುಕ್ತ ಅಂತ ಆದದ್ದು 1973ರಲ್ಲಿ. ನಮ್ಮಲ್ಲೂ ನಾಲೆ ನೀರು ಬಂದ ಹೊಸದರಲ್ಲಿ ಮಂಡ್ಯ ಸುತ್ತ ಚಳಿಜ್ವರಕ್ಕೆ ಮನೆಗೊಬ್ಬರು ಮಲಗುತ್ತಿದ್ದರು ಅಂತ ನಮ್ಮ ತಾಯಿ ಹೇಳುತ್ತಿದ್ದರು. ಅಳಿವೆ ಹತ್ತಿರದ ಕೊಂಪೋರ್ತಾದಲ್ಲಿ ಹಳೇ ಅಕ್ಕಿ ಗಿರಣಿಯನ್ನು ಮ್ಯೂಸಿಯಂ ಮಾಡಿದ್ದಾರೆ. ಈಗ ಆ ಊರು ದುಡ್ಡಿದ್ದವರ ರಜೆಯ ಜಾಗ. ಗದ್ದೆ ಬದು ಪಕ್ಕ ನಿಂತಿರುವ ಕಾರುಗಳನ್ನು ನೋಡಿದರೆ ಮಾಲೀಕರು ರೈತರಲ್ಲ ಅಂತ ಗೊತ್ತಾಗುತ್ತದೆ.

ನಮ್ಮೂರಿನ ಕೊಕ್ಕರೆಗಳ ಹಾಗೆ ಅಲ್ಲೂ ಊರೊಳಗೆ ಕೊಕ್ಕರೆ ಗೂಡು ಕಟ್ಟುತ್ತವೆ ಎಂದು ಬರೆದಿದ್ದಿರಿ. ಜನ ಓಡಿಸುವುದಿಲ್ಲವೇ?
– ಪಿಯುಸಿ ವಿದ್ಯಾರ್ಥಿನಿ, ಕೊಕ್ಕರೆ ಬೆಳ್ಳೂರು, ಮದ್ದೂರು ತಾಲ್ಲೂಕು

ಇಲ್ಲಮ್ಮ, ಓಡಿಸುವುದಿಲ್ಲ. ಅಲ್ಲಿ ಕಾನೂನಿನ ರಕ್ಷಣೆ ಇದೆ. ಆದರೆ ಹಕ್ಕಿ ಬೇರೆ. ನಿಮ್ಮೂರಿನದು ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ, ಹುಣಸೆ ಮರ, ಆಲದ ಮರದ ಮೇಲೆ ಕಟ್ಟುತ್ತವೆ. ಅಲ್ಲಿನದು ಬಿಳಿ ಕೊಕ್ಕರೆ, ಕೆಂಪು ಕೊಕ್ಕು, ಕೆಂಪು ಕಾಲು. ಅದು ಹಂಚಿನ ಮನೆ, ಹಳೇ ಕಾರ್ಖಾನೆಯ ಚಿಮಣಿ, ಚರ್ಚಿನ ಗೋಪುರ, ವಿದ್ಯುತ್ ಕಂಬ ಯಾವುದನ್ನೂ ಬಿಡುವುದಿಲ್ಲ. ತಂತಿಗೆ ತಾಗಿ ಸಾಯಬಾರದು ಅಂತ ದೊಡ್ಡ ಟವರ್‌ಗಳ ಮೇಲೆ ಗೂಡಿಗೆಂದೇ ತಟ್ಟೆ ಕೂರಿಸಿದ್ದಾರೆ. ಅಲ್ಕಾಸರ್‌ನಲ್ಲಿ ನಾವು ಕೂತ ಹೋಟೆಲಿನ ಎದುರಿನ ಮಾಡಿನಲ್ಲೇ ಗೂಡು. ಅವಕ್ಕೆ ಕೂಗು ಇಲ್ಲ. ಕೊಕ್ಕನ್ನು ಪಟಪಟ ಬಡಿಯುತ್ತವೆ. ಊಟ ಮುಗಿಯುವವರೆಗೂ ಆ ಸದ್ದೇ.

1984ರಲ್ಲಿ ಎಣಿಸಿದಾಗ ಇಡೀ ದೇಶದಲ್ಲಿ ಸುಮಾರು 1,500 ಗೂಡು ಇದ್ದವು. 2014ರ ಎಣಿಕೆಯಲ್ಲಿ 11 ಸಾವಿರ ದಾಟಿದವು. ಜಾಸ್ತಿಯಾಗಲು ಎರಡು ಕಾರಣ. ಒಂದು, ಊರ ಹೊರಗಿನ ಕಸದ ರಾಶಿ. ವರ್ಷವಿಡೀ ಅಲ್ಲಿ ತಿನ್ನಲು ಸಿಗುವುದರಿಂದ ಎಷ್ಟೋ ಹಕ್ಕಿಗಳು ಚಳಿಗಾಲಕ್ಕೆ ಆಫ್ರಿಕಕ್ಕೆ ಹೋಗುವುದನ್ನೇ ಬಿಟ್ಟಿವೆ. ಇನ್ನೊಂದು, ಗದ್ದೆಯ ಕೆಂಪು ಸೀಗಡಿ. ಅದು ಅಮೆರಿಕದ ಜೀವಿ, ಪಕ್ಕದ ಸ್ಪೇನ್‌ಗೆ 1970ರ ದಶಕದಲ್ಲಿ ತಂದದ್ದು ಇಲ್ಲಿಗೂ ಹಬ್ಬಿತು. ಬದುಗಳಲ್ಲಿ ತೂತು ಕೊರೆದು ರೈತರ ಪ್ರಾಣ ತಿನ್ನುತ್ತದೆ. ನಮ್ಮಲ್ಲಿ ಏಡಿ ಮಾಡುವ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ. ಕೊಕ್ಕರೆಗೆ ಅದೇ ಹಬ್ಬ. ಹಾಗಾಗಿ ರೈತರೂ ಹಕ್ಕಿಯ ತಂಟೆಗೆ ಹೋಗುವುದಿಲ್ಲ.

ನೀನು ಮುಂದೆ ಪ್ರಾಣಿಶಾಸ್ತ್ರ ಓದುವುದಾದರೆ ಒಂದು ಮಾತು ನೆನಪಿಟ್ಟುಕೋ. ನೈಋತ್ಯ ಮೂಲೆಯಲ್ಲಿ ಕಾಬೊ ಸಾರ್ಡಾವ್ ಎಂಬ ಭೂಶಿರ ಇದೆ. ಅಲ್ಲಿ ಇದೇ ಬಿಳಿ ಕೊಕ್ಕರೆ ಸಮುದ್ರದ ಮಧ್ಯೆ ಎದ್ದ ಬಂಡೆಗಳ ನೆತ್ತಿಯಲ್ಲಿ ಗೂಡು ಕಟ್ಟುತ್ತದೆ. ಪ್ರಪಂಚದಲ್ಲಿ ಬೇರೆಲ್ಲೂ ಬಿಳಿ ಕೊಕ್ಕರೆ ಹಾಗೆ ಕಟ್ಟುವುದಿಲ್ಲ. ಕೆಳಗೆ ಅಲೆ ಬಡಿಯುತ್ತಿರುತ್ತದೆ, ಮೇಲೆ ಮೂರು ಮರಿ ಬಾಯಿ ತೆರೆದು ಕೂತಿರುತ್ತವೆ.

ನಾವು ಮೊಟ್ಟೆಯನ್ನೂ ತಿನ್ನದವರು. ಅಲ್ಲಿ ಹೊಟ್ಟೆಗೆ ಏನು ಮಾಡಿದಿರಿ?
– ಗೃಹಿಣಿ, ಕುವೆಂಪುನಗರ, ಮೈಸೂರು (ಇದೇ ಪ್ರಶ್ನೆ ಇನ್ನೂ ಹಲವರದು)

ಮಗಳ ಮನೆ ಇದ್ದದ್ದರಿಂದ ಬಚಾವಾದೆವು. ನಮ್ಮ ಮನೆಯವರು ಚಟ್ನಿಪುಡಿ, ಸಾರಿನ ಪುಡಿ, ಹುಳಿಯನ್ನದ ಗೊಜ್ಜು ಕಟ್ಟಿಕೊಂಡೇ ಬಂದಿದ್ದರು. ಹೊರಗೆ ಊಟ ಮಾಡುವುದಾದರೆ ಸ್ವಲ್ಪ ಎಚ್ಚರ ಬೇಕು.

'ಕಾಲ್ದೊ ವೆರ್ದೆ' ಎಂಬ ಸಾರು ಎಲ್ಲ ಕಡೆ ಸಿಗುತ್ತದೆ. ಆಲೂಗಡ್ಡೆ ಬೇಯಿಸಿ ಅರೆದು, ಎಲೆಕೋಸಿನ ಜಾತಿಯ ಸೊಪ್ಪನ್ನು ಕೂದಲೆಳೆ ಹಾಗೆ ಹೆಚ್ಚಿ ಹಾಕುತ್ತಾರೆ. ನೋಡಲು ಅಪ್ಪಟ ಸೊಪ್ಪಿನ ಸಾರು. ಆದರೆ ತಳದಲ್ಲಿ ಹಂದಿಮಾಂಸದ ಒಂದು ಬಿಲ್ಲೆ ಇರುತ್ತದೆ. ಬೇಡ ಅಂತ ಮೊದಲೇ ಹೇಳಬೇಕು. 'ಸೆಂ ಕಾರ್ನೆ, ಸೆಂ ಪೈಷೆ' ಅಂದರೆ ಮಾಂಸ ಬೇಡ, ಮೀನು ಬೇಡ. ಎರಡನ್ನೂ ಹೇಳಿ. ಮಾಂಸ ಬೇಡ ಅಂದರೆ ನಗುನಗುತ್ತಾ ಮೀನು ತಂದಿಡುತ್ತಾರೆ.

ಟೊಮೆಟೊ ಅನ್ನ, ಹುರುಳಿಕಾಯಿ ಬೀಜದ ಅನ್ನ ಚೆನ್ನಾಗಿರುತ್ತದೆ. ನಮ್ಮ ಟೊಮೆಟೊ ಬಾತ್‌ಗಿಂತ ತೆಳ್ಳಗೆ, ಚಮಚದಲ್ಲಿ ತಿನ್ನಬೇಕು. ಅದೂ ಮೀನಿನ ಜೊತೆಗೆ ಕೊಡುವ ಪಕ್ಕದ ತಿನಿಸು, ನಾವು ಅದನ್ನೇ ಊಟ ಮಾಡಿದೆವು. ಸಿಹಿಗೆ 'ಆರ್ರೊಸ್ ದೊಸ್' ಅಂತ ಗಟ್ಟಿ ಅಕ್ಕಿ ಪಾಯಸ, ಮೇಲೆ ಚಕ್ಕೆ ಪುಡಿಯಲ್ಲಿ ರಂಗೋಲಿ ಎಳೆದಿರುತ್ತಾರೆ. ಕೆಲವರು ಅದಕ್ಕೂ ಮೊಟ್ಟೆಯ ಹಳದಿ ಹಾಕುತ್ತಾರೆ, ಕೇಳಿ ತಿನ್ನಿ. ಎಲ್ಲರೂ ಹೊಗಳುವ 'ಪಾಸ್ಟೆಲ್ ದೆ ನಾಟಾ'ದ ಹೂರಣ ಪೂರ್ತಿ ಮೊಟ್ಟೆಯ ಹಳದಿ. ನಿಮಗೆ ಆಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹೋಟೆಲಿನಲ್ಲಿ ಕೂತ ಕೂಡಲೇ ಬ್ರೆಡ್, ಬೆಣ್ಣೆ, ಆಲಿವ್ ಕಾಯಿ ತಂದಿಡುತ್ತಾರೆ. ಪುಕ್ಕಟೆ ಅಲ್ಲ. ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ, ಬೇಡ ಅಂದರೆ ವಾಪಸ್ ಒಯ್ಯುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ.

ಖಾರ? ಅಮೆರಿಕದಿಂದ ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದವರು ಇವರೇ. ತಂದುಕೊಟ್ಟು ತಾವು ಸಪ್ಪೆ ಉಣ್ಣುತ್ತಾರೆ.

ದಿನಸಿ ಅಂಗಡಿಗೆ ಹೋಗುವಾಗ ಮೂಗು ಗಟ್ಟಿ ಮಾಡಿಕೊಳ್ಳಿ. 'ಬಕಲ್ಯಾವ್' ಎಂಬ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನು ಸೌದೆ ಪೇರಿಸಿದ ಹಾಗೆ ಪೇರಿಸಿರುತ್ತಾರೆ. ಕೇಳಿದಷ್ಟು ಗರಗಸದ ಯಂತ್ರದಲ್ಲಿ ಕುಯ್ದು ಕೊಡುತ್ತಾರೆ. ವಿಚಿತ್ರ ಅಂದರೆ ಆ ಮೀನು ಅವರ ಕಡಲಲ್ಲಿ ಸಿಗುವುದೇ ಇಲ್ಲ. ಮೊದಲು ಅವರ ಹಡಗುಗಳೇ ಕೆನಡಾ ಪಕ್ಕದ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಹೋಗಿ ಹಿಡಿದು ತರುತ್ತಿದ್ದವು, ಈಗ ಹೆಚ್ಚಾಗಿ ನಾರ್ವೆಯಿಂದ ಬರುತ್ತದೆ. ಮನೆ ಬಾಗಿಲಲ್ಲಿ ಸಮುದ್ರ ಇಟ್ಟುಕೊಂಡು ಹಬ್ಬದ ಊಟಕ್ಕೆ ಹೊರದೇಶದ ಮೀನು!

ಕಾಫಿ?
– ಅಗ್ರಹಾರ, ಮೈಸೂರು

ಅಲ್ಲಿ ಕಾಫಿ ಅಂದರೆ ಎರಡು ಗುಟುಕಿನ ಕಪ್ಪು ಕಷಾಯ. 'ಗಲಾವ್' ಅಂತ ಕೇಳಿ, ಉದ್ದ ಗ್ಲಾಸಿನಲ್ಲಿ ಹಾಲು ಹಾಕಿದ್ದು ಬರುತ್ತದೆ. ನಮ್ಮ ಫಿಲ್ಟರ್ ಕಾಫಿಯ ರುಚಿ ಅಲ್ಲ. ಕೆಲಸ ನಡೆಯುತ್ತದೆ.

ವಾಸ್ಕೋ ಡ ಗಾಮನ ಸಮಾಧಿ ನೋಡಿದಿರಂತೆ. ನಮ್ಮನ್ನು ಕೊಳ್ಳೆ ಹೊಡೆದವರ ಊರಿನಲ್ಲಿ ಹೇಗೆ ಅನ್ನಿಸಿತು?
– ಇತಿಹಾಸ ಉಪನ್ಯಾಸಕರು, ಮಂಡ್ಯ

ಲಿಸ್ಬನ್‌ನ ಬೆಲೆಮ್‌ನಲ್ಲಿ ಜೆರೋನಿಮೊಸ್ ಮಠ ಇದೆ. ಅದರ ಚರ್ಚಿನ ಬಾಗಿಲ ಹತ್ತಿರವೇ ಕಲ್ಲಿನ ಸಮಾಧಿ. ಗಾಮ 1498ರಲ್ಲಿ ಕೋಳಿಕ್ಕೋಡ್ ಹತ್ತಿರ ಬಂದಿಳಿದ, 1524ರಲ್ಲಿ ಕೊಚ್ಚಿಯಲ್ಲೇ ಸತ್ತ, ಮೊದಲು ಹೂತದ್ದೂ ಅಲ್ಲೇ. 1539ರಲ್ಲಿ ಅವಶೇಷವನ್ನು ಪೋರ್ಚುಗಲ್‌ಗೆ ಒಯ್ದರು. ಮಠ ಕಟ್ಟಲು ದುಡ್ಡು ಬಂದದ್ದು ಆಫ್ರಿಕ ಮತ್ತು ಪೂರ್ವದ ದೇಶಗಳ ವ್ಯಾಪಾರದ ಮೇಲೆ ಹಾಕಿದ ನೂರಕ್ಕೆ ಐದರ ಸುಂಕದಿಂದ. ಮುಖ್ಯವಾಗಿ ಕಾಳುಮೆಣಸು. ಆ ಕಲ್ಲಿನ ಕೆತ್ತನೆ ಎಷ್ಟು ಸೊಗಸಾಗಿದೆಯೋ ಅಷ್ಟೇ ಹೊಟ್ಟೆ ಉರಿಯುತ್ತದೆ. ಸುಳ್ಳು ಯಾಕೆ ಹೇಳಲಿ.

ಆದರೆ ನನ್ನ ತಲೆಗೆ ಬಂದದ್ದು ಅಕ್ಕಿ. 16ನೇ ಶತಮಾನದಲ್ಲಿ ಗೋವಾದ ಪೋರ್ಚುಗೀಸರಿಗೆ ಊಟ ಹೋಗುತ್ತಿದ್ದದ್ದು ನಮ್ಮ ಕರಾವಳಿಯಿಂದ. ಬಸ್ರೂರು, ಬಾರ್ಕೂರು, ಮಂಗಳೂರಿನಿಂದ ಕಪ್ಪವನ್ನೇ ಅಕ್ಕಿ ಮೂಟೆಗಳಲ್ಲಿ ವಸೂಲು ಮಾಡುತ್ತಿದ್ದರು. ಉಳ್ಳಾಲದ ರಾಣಿ ಅಬ್ಬಕ್ಕ ಕಪ್ಪ ಕೊಡಲ್ಲ ಅಂದದ್ದು ಇವರಿಗೇ. ಗಾಮನ ಸಮಾಧಿಗೆ ಪ್ರವಾಸಿಗಳ ಸಾಲು ಇದೆ. ಆ ಅಕ್ಕಿಯ ಬಗ್ಗೆ ಅಲ್ಲಿ ಒಂದು ಫಲಕವೂ ನನ್ನ ಕಣ್ಣಿಗೆ ಬೀಳಲಿಲ್ಲ. ಈಗಿನ ಜನರ ಮೇಲೆ ನನಗೇನೂ ಸಿಟ್ಟಿಲ್ಲ. ಅವರೂ 1974ರ ಏಪ್ರಿಲ್ 25ರವರೆಗೆ ಸರ್ವಾಧಿಕಾರದ ಕೆಳಗೆ ನರಳಿದವರೇ.

ನಾನು ಕೃಷಿ ಡಿಪ್ಲೊಮಾ ಮಾಡಿದ್ದೇನೆ. ಪೋರ್ಚುಗಲ್‌ನಲ್ಲಿ ಹಣ್ಣಿನ ತೋಟದ ಕೆಲಸ ಕೊಡಿಸುತ್ತೇವೆ, ಟೂರಿಸ್ಟ್ ವೀಸಾದಲ್ಲಿ ಹೋದರೆ ಸಾಕು ಅಂತ ಏಜೆಂಟ್ ಒಬ್ಬರು ಹೇಳುತ್ತಿದ್ದಾರೆ. ಹೋಗಲೇ?
– ಯುವಕ, ಕೆ.ಆರ್. ನಗರ

ತಮ್ಮಾ, ದುಡ್ಡು ಕಟ್ಟಬೇಡ. ಮೊದಲು ಇದನ್ನು ಓದು.

ಕೆಲಸ ಇರುವುದು ನಿಜ. ಓಡೆಮಿರಾ ಎಂಬ ತಾಲ್ಲೂಕಿನಲ್ಲಿ ಸಮುದ್ರದ ಪಕ್ಕ ಮೈಲಿಗಟ್ಟಲೆ ಪ್ಲಾಸ್ಟಿಕ್ ಮನೆಗಳಿವೆ. ಒಳಗೆ ರಾಸ್‌ಬೆರಿ, ಸ್ಟ್ರಾಬೆರಿ. ಹಣ್ಣು ಉತ್ತರ ಯೂರೋಪಿಗೆ ಹೋಗುತ್ತದೆ. ಕೀಳುವವರು ಭಾರತ, ನೇಪಾಳ, ಬಾಂಗ್ಲಾದೇಶದವರು. ಸಂಜೆ ಬಸ್ ನಿಲ್ದಾಣದಲ್ಲಿ ಪಂಜಾಬಿನ ಹುಡುಗರ ಜೊತೆ ನನ್ನ ಮುರುಕು ಹಿಂದಿಯಲ್ಲಿ ಮಾತಾಡಿದೆ. ಬೆರಳ ತುದಿ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಒಂದು ಕೋಣೆಯಲ್ಲಿ ಎಷ್ಟು ಜನ ಅಂತ ಕೇಳಿದ್ದಕ್ಕೆ ಒಬ್ಬ ನಕ್ಕ, ಇನ್ನೊಬ್ಬ ಮಾತು ಬದಲಿಸಿದ. 2021ರಲ್ಲಿ ಕೊರೊನಾ ಹಬ್ಬಿದಾಗ ಆ ಕಡೆಯ ಎರಡು ಊರುಗಳಿಗೆ ಸರ್ಕಾರ ದಿಗ್ಬಂಧನ ಹಾಕಿತ್ತು. ಕೆಲಸಗಾರರು ಎಂಥ ಇಕ್ಕಟ್ಟಿನಲ್ಲಿ ಬದುಕುತ್ತಿದ್ದಾರೆ ಅಂತ ಇಡೀ ದೇಶಕ್ಕೆ ಗೊತ್ತಾದದ್ದು ಆಗಲೇ.

ಈಗ ನಿನ್ನ ಏಜೆಂಟ್ ಮಾತು. ಮೊದಲು ಹೇಗೋ ಬಂದಿಳಿದು, ಕೆಲಸ ಹುಡುಕಿ, ಆಮೇಲೆ ವಾಸದ ಪರವಾನಗಿಗೆ ಅರ್ಜಿ ಹಾಕುವ ದಾರಿ ಇತ್ತು. 2024ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಈಗ ಕೆಲಸದ ಕರಾರು ಮೊದಲು, ಕೆಲಸದ ವೀಸಾ ಆಮೇಲೆ, ವಿಮಾನ ಕೊನೆಗೆ. ಟೂರಿಸ್ಟ್ ವೀಸಾದಲ್ಲಿ ಹೋಗು ಅನ್ನುವವನು ನಿನ್ನನ್ನು ಬಾವಿಗೆ ತಳ್ಳುತ್ತಿದ್ದಾನೆ. 2025ರಲ್ಲಿ ಅಲ್ಲಿನ ಕನಿಷ್ಠ ಸಂಬಳ ತಿಂಗಳಿಗೆ 870 ಯೂರೊ. ನಮ್ಮ ರೂಪಾಯಿಗೆ ತಿರುಗಿಸಿದರೆ ಕಣ್ಣು ಕುಕ್ಕುತ್ತದೆ. ಆದರೆ ಬಾಡಿಗೆ, ಊಟ, ಸುಂಕ ಕಳೆದು ಏನು ಉಳಿಯುತ್ತದೆ ಅಂತ ಲೆಕ್ಕ ಹಾಕು. ಏಜೆಂಟ್‌ಗೆ ಪರವಾನಗಿ ಇದೆಯೇ ಅಂತ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ತಾಣದಲ್ಲಿ ನೋಡು. ಅಪ್ಪನ ಜಮೀನು ಮಾತ್ರ ಅಡ ಇಡಬೇಡ.

ಮರದ ತೊಗಟೆ ಸುಲಿದರೆ ಮರ ಸಾಯುವುದಿಲ್ಲವೇ?
– ಎಚ್.ಡಿ. ಕೋಟೆ

ಈ ಮರ ಸಾಯುವುದಿಲ್ಲ. ಇದು ಕಾರ್ಕ್ ಓಕ್. ತೊಗಟೆಯ ಹೊರಪದರವನ್ನು ಮಾತ್ರ ಸುಲಿಯುತ್ತಾರೆ, ಒಳಪದರಕ್ಕೆ ಕೊಡಲಿ ತಾಗಬಾರದು. ಅದಕ್ಕೇ ಸುಲಿಯುವವರಿಗೆ ಕೂಲಿ ಜಾಸ್ತಿ. ಗಿಡ ನೆಟ್ಟು 25 ವರ್ಷಕ್ಕೆ ಮೊದಲ ಸುಲಿತ. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಬಾಟಲಿ ಬಿರಡೆಗೆ ತಕ್ಕ ಗುಣಮಟ್ಟ ಸಿಗುವುದು ಮೂರನೇ ಸುಲಿತಕ್ಕೆ. ಅಷ್ಟರಲ್ಲಿ ಮರಕ್ಕೆ 40 ದಾಟಿರುತ್ತದೆ. ನೆಟ್ಟವನಿಗೆ ಲಾಭ ಇಲ್ಲ, ಮಗನಿಗೆ ಉಂಟು. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುತ್ತಾರೆ. ಪ್ರಪಂಚದ ಕಾರ್ಕಿನಲ್ಲಿ ಅರ್ಧದಷ್ಟು ಈ ಸಣ್ಣ ದೇಶದ್ದು.

ನಿಮ್ಮ ಜಮೀನಿನ ಮರವಾದರೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಗಂಧದ ಮರದ ವಿಷಯ ಗೊತ್ತಿರುವ ನಮಗೆ ಇದು ಹೊಸದಲ್ಲ. ಆದರೆ ನಮ್ಮಲ್ಲಿ 2001ರ ತಿದ್ದುಪಡಿ ಬರುವವರೆಗೆ ಗಂಧದ ಮರ ಹೊಲದ ಮಾಲೀಕನದೇ ಆಗಿರಲಿಲ್ಲ, ಹಾಗಾಗಿ ಯಾರೂ ನೆಡುತ್ತಿರಲಿಲ್ಲ. ಅಲ್ಲಿ ಮರವೂ ರೈತನದು, ಫಸಲೂ ರೈತನದು. ಕಾಡು ಉಳಿದಿದೆ.

ಉಪ್ಪು ಗಾಳಿ, ಬರೀ ಮರಳು. ಕಡಲ ದಡದಲ್ಲೇ ತರಕಾರಿ ಬೆಳೆಯುತ್ತಾರೆ ಎಂದು ಬರೆದದ್ದು ನಂಬಲಾಗಲಿಲ್ಲ.
– ಬನ್ನೂರು

ಪೋರ್ಟೊ ನಗರದ ಬಡಗಣಕ್ಕೆ ಅಪೂಲಿಯಾ ಎಂಬ ಊರಿದೆ. ಅಲ್ಲಿ ಮರಳ ದಿಬ್ಬಗಳ ನಡುವೆ ದೊಡ್ಡ ತೊಟ್ಟಿಯ ಹಾಗೆ ಅಗೆದು, ಅಂತರ್ಜಲದ ಹತ್ತಿರದವರೆಗೆ ಇಳಿದು ಹೊಲ ಮಾಡಿದ್ದಾರೆ. ತಳದಲ್ಲಿ ತೇವ ಇರುತ್ತದೆ. ಸುತ್ತಲಿನ ಮರಳ ಗೋಡೆ ಗಾಳಿ ತಡೆಯುತ್ತದೆ, ಬೆಚ್ಚಗೂ ಇಡುತ್ತದೆ. ಗೋಡೆ ಕುಸಿಯದಂತೆ ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿ ನೆಡುತ್ತಾರೆ. ಗೊಬ್ಬರಕ್ಕೆ ಅಲೆ ತಂದು ಹಾಕುವ ಕಡಲ ಪಾಚಿ. ಹಿಂದೆ ಗಂಡಸರು, ಹೆಂಗಸರು ಎದೆಮಟ್ಟ ನೀರಿಗಿಳಿದು ಅದನ್ನು ಬಾಚಿ ದಡದಲ್ಲಿ ಒಣಗಿಸುತ್ತಿದ್ದರು. ಈಗ ಅಂಥವರು ಕಮ್ಮಿ. ಅವೈರೊ ಊರಿನ ಹಿನ್ನೀರಿನಲ್ಲಿ ಪಾಚಿ ಸಾಗಿಸಲೆಂದೇ ಇದ್ದ ಬಣ್ಣದ ದೋಣಿಗಳು ಈಗ ಪ್ರವಾಸಿಗಳನ್ನು ಕೂರಿಸಿಕೊಂಡು ತಿರುಗುತ್ತವೆ. ಅಪೂಲಿಯಾದಲ್ಲಿ ಒಬ್ಬ ಅಜ್ಜಿ ಈರುಳ್ಳಿ ಪಾತಿಯಿಂದ ಒಂದು ಹಿಡಿ ಮಣ್ಣು ಎತ್ತಿ ಕೈಗೆ ಹಾಕಿದರು. ಕಪ್ಪಗಿತ್ತು. ಅಷ್ಟು ದೂರದಲ್ಲೇ ಬಿಳಿ ಮರಳು. ತಲೆಮಾರುಗಳ ಕೆಲಸ ಅದು.

ಖರ್ಚು, ವೀಸಾ, ಹೋಗಲು ಒಳ್ಳೆಯ ಕಾಲ?
– ಶ್ರೀರಂಗಪಟ್ಟಣ, ಮಳವಳ್ಳಿ, ಮೈಸೂರಿನ ಹಲವರು

ಷೆಂಗೆನ್ ವೀಸಾ ಬೇಕು, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ. ಕನಿಷ್ಠ 30 ಸಾವಿರ ಯೂರೊ ಮೊತ್ತದ ಪ್ರಯಾಣ ವಿಮೆ ಮಾಡಿಸಲೇಬೇಕು. ಬೆಂಗಳೂರಿನಿಂದ ಹೋಗುವಾಗ ಕೊಲ್ಲಿ ದೇಶದಲ್ಲೋ ಜರ್ಮನಿಯಲ್ಲೋ ವಿಮಾನ ಬದಲಿಸಬೇಕು. ಮೇ, ಜೂನ್‌ನಲ್ಲಿ ಹೋದರೆ ಬಿತ್ತನೆ, ಕೊಕ್ಕರೆ ಮರಿ, ತೊಗಟೆ ಸುಲಿತ ಎಲ್ಲ ಸಿಗುತ್ತದೆ. ಕಡಲ ನೀರಿನಿಂದ ಉಪ್ಪು ತೆಗೆಯುವುದು ನೋಡಬೇಕಾದರೆ ಆಗಸ್ಟ್. ಲಿಸ್ಬನ್‌ನ ಪಾದಚಾರಿ ದಾರಿಗಳಿಗೆ ಸಣ್ಣ ಸುಣ್ಣಕಲ್ಲು ಹಾಸಿದ್ದಾರೆ, ಮಳೆ ಬಂದರೆ ಜಾರುತ್ತದೆ, ಹಿಡಿತ ಇರುವ ಚಪ್ಪಲಿ ಹಾಕಿ. 28ನೇ ನಂಬರಿನ ಟ್ರಾಮ್‌ನಲ್ಲಿ ಜೇಬುಗಳ್ಳರು ಜಾಸ್ತಿ. 65 ತುಂಬಿದವರಿಗೆ ಅಲ್ಲಿನ ಸರ್ಕಾರಿ ರೈಲಿನಲ್ಲಿ ಅರ್ಧ ಟಿಕೆಟ್, ಯಾವ ದೇಶದವರಾದರೂ ಸರಿ. ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಬಾಯಿ ಬಿಟ್ಟು ಕೇಳಿ, ಅವರಾಗಿಯೇ ಹೇಳುವುದಿಲ್ಲ.